ಲಗೇಜು ಚೀಟಿ

ಹೂವಿನ ಪಟ್ಟಿ ನೀವೇ ಮಾಡಿ, ಅಂದಳು ಸಾವಂತ್ರಿ,
ಅಡುಗೆಯ ಪಟ್ಟಿಯನ್ನು ತನ್ನ ಕೈಗೆ ತೆಗೆದುಕೊಂಡು.
ಇಪ್ಪತ್ತೊಂಬತ್ತು ವರ್ಷ ಹೂವು ಹೊತ್ತವರಲ್ಲವೇ.
ಅದು ಹೊಗಳಿಕೆಯೋ ಮೊನಚೋ
ಅವಳ ಮಾತಿನಲ್ಲಿ ನನಗಿನ್ನೂ ತಿಳಿಯುವುದಿಲ್ಲ.

ಹೊತ್ತದ್ದು ನಿಜ.
ಭಟ್ಕಳದಿಂದ ಹೊರಡುವ ಮೊದಲ ಬಸ್ಸು,
ಬಾಳೆಲೆಯಲ್ಲಿ ಬಿಗಿದ ಮಲ್ಲಿಗೆ ಪೊಟ್ಟಣ,
ಮೇಲೊಂದು ಒದ್ದೆ ಗೋಣಿ.
ಬಾನೆಟ್ಟಿನ ಮೇಲೆ ಇಡಬೇಡಿ, ಬೆಂದು ಹೋಗುತ್ತೆ:
ಹೂವಿನ ಬಗ್ಗೆ ನನಗೆ ಗೊತ್ತಿದ್ದ ಶಾಸ್ತ್ರ ಇಷ್ಟೇ.
ಕೋಗಾರು ಘಾಟಿಯ ತಿರುವಿನಲ್ಲಿ ಯಾರೋ ಕಿಟಕಿಗೆ ಬಾಗಿ ಕಾರುವಾಗ
ಪಕ್ಕದವರು ಗೋಣಿಯ ಕಡೆ ಮೂಗು ತಿರುಗಿಸುತ್ತಿದ್ದರು.
ನಾನು ಚಿಲ್ಲರೆ ಎಣಿಸುತ್ತಿದ್ದೆ.
ಹೂವಿಗೆ ಕಿಲೋ ಲೆಕ್ಕ. ವಾಸನೆಗೆ ಟಿಕೇಟಿಲ್ಲ.

ಇಮ್ತಿಯಾಜ್ ಮೊಬೈಲಿನಲ್ಲಿ ಮಂಟಪ ತೋರಿಸುತ್ತಾನೆ,
ಹೆಬ್ಬೆರಳಲ್ಲಿ ಒಂದೊಂದನ್ನೇ ಆಚೆ ತಳ್ಳುತ್ತ.
ಬ್ಯಾಂಕಾಕಿನ ಆರ್ಕಿಡ್, ಊಟಿಯ ಕಾರ್ನೇಷನ್,
ನೀಲಿ ಬಣ್ಣ ಕುಡಿಸಿದ ಗುಲಾಬಿ.
'ಎರಡು ದಿನ ಬಾಡಲ್ಲ ಸಾರ್, ಗ್ಯಾರಂಟಿ.'
ಎರಡು ದಿನ ಬಾಡದ ಹೂವನ್ನಿಟ್ಟುಕೊಂಡು ಏನು ಮಾಡಲಿ ಮಾರಾಯ,
ಮುಹೂರ್ತ ಇರುವುದೇ ಇಪ್ಪತ್ತು ನಿಮಿಷ.

ಹಳೆಯ ವೇಬಿಲ್ಲಿನ ಬೆನ್ನಿಗೆ ಬರೆಯುತ್ತ ಕೂತೆ.
ಬಾಗಿಲಿಗೆ ಚೆಂಡುಹೂವು, ಹದಿನೆಂಟು ಮಾರು.
ಹಾರ ಎರಡು, ಸುಗಂಧರಾಜ. ಬೀಗರು ಹಟ ಹಿಡಿದರೆ ನಡುನಡುವೆ ಗುಲಾಬಿ.
ಬಂದ ಹೆಂಗಸರಿಗೆ ತಟ್ಟೆಯಲ್ಲಿಡಲು ಮಲ್ಲಿಗೆ, ಮುನ್ನೂರು ತುಂಡು.
ತುಂಡೆಂದರೆ ಎಷ್ಟು? ಗೇಣೋ, ಮೊಳವೋ?
'ಮೊಳ ಅಂದ್ರೆ ಯಾರ ಮೊಳ ಯಜಮಾನ್ರೇ, ನಂದೋ ನಿಮ್ದೋ?'
ತನ್ನ ಗಿಡ್ಡ ಕೈ ಚಾಚಿ ನಕ್ಕಳು
ಗಾಂಧಿ ಬಜಾರಿನ ಹಾಲಮ್ಮ.

ದಾಕ್ಷಿಯ ಜಡೆಗೆ
ಅಂತ ಬರೆದೆ. ಪೆನ್ನು ಅಲ್ಲೇ ನಿಂತಿತು.
ಮಗಳ ಜಡೆ ಎಷ್ಟುದ್ದ?
ಕೋಳಿ ಕೂಗುವ ಮೊದಲೇ ಡ್ಯೂಟಿಗೆ ಹೋಗಿ
ಎಲ್ಲರೂ ಮಲಗಿದ ಮೇಲೆ ಬಂದವನಿಗೆ
ಕಂಡದ್ದು ಚಾದರದಿಂದ ಹೊರಗುಳಿದ ತುದಿ,
ರಿಬ್ಬನ್ನಿನದೊಂದು ಕೆಂಪು ಗಂಟು.

ಒಮ್ಮೆ ಒಂದು ಪೊಟ್ಟಣವನ್ನು ಯಾರೂ ಇಳಿಸಿಕೊಳ್ಳಲಿಲ್ಲ.
ಅಂಗಡಿಯವನ ಮನೆಯಲ್ಲಿ ಅಂದು ಸಾವು.
ಹೂವು ಭದ್ರಾವತಿಗೆ ಹೋಯಿತು, ಬಂತು,
ಮತ್ತೆ ಹೋಯಿತು, ಟಿಕೇಟಿಲ್ಲದ ಹುಚ್ಚನ ಹಾಗೆ.
ರಾತ್ರಿ ಡಿಪೋದಲ್ಲಿ ಬರೆಸಿ, ಸಹಿ ಹಾಕಿ, ಮನೆಗೆ ತಂದೆ.
ಮೇಲೆಲ್ಲ ಕಂದು, ಬೆವರಿದ ಬಾಳೆಲೆ.
ಸಾವಂತ್ರಿ ಏನನ್ನೂ ಕೇಳಲಿಲ್ಲ.
ಒಂದೊಂದೇ ಸುತ್ತು ಬಿಡಿಸಿದಳು. ತೀರ ಒಳಗೆ
ಒಂದು ಮೊಳ ಇನ್ನೂ ಬಿಳಿಯಾಗಿತ್ತು.
ಲೈಟಾರಿಸಿ, ಮುಡಿದುಕೊಂಡು ಮಲಗಿದಳು.
ಮರುದಿನ ಸಾಗರ ದಾಟುವವರೆಗೂ
ಖಾಕಿ ಅಂಗಿಯ ಕಾಲರಿನಲ್ಲಿ ಅದು ಇತ್ತು.
ಆಮೇಲೆ ನಾನು ಎಂದೂ ಹೂವು ತರಲಿಲ್ಲ.
ದಿನಾ ಐವತ್ತು ಕಿಲೋ ಇಳಿಸುತ್ತಿದ್ದವನು.
ಯಾಕೆಂದು ಅವಳು ಕೇಳಬಹುದಿತ್ತು.
ಕೇಳಲಿಲ್ಲವೆಂದು ನಾನು ಬದುಕಿಕೊಂಡೆ.

ಮಂಟಪದ ಕೆಲಸ ಇಮ್ತಿಯಾಜನಿಗೇ ಬಿಟ್ಟೆ, ನೀಲಿಯೊಂದು ಬೇಡ ಎಂದು.
ಮಲ್ಲಿಗೆ ಮಾತ್ರ ಬಸ್ಸಿನಲ್ಲೇ ಬರಲಿ ಅಂದೆ.

ಮದುವೆಯ ಹಿಂದಿನ ದಿನ, ಹನ್ನೊಂದೂವರೆ.
ಇಳಿಸಿಕೊಳ್ಳುವವನಾಗಿ ನಿಂತು ಅಭ್ಯಾಸವಿಲ್ಲ,
ಪ್ಲಾಟ್‌ಫಾರ್ಮಿನ ಯಾವ ಕಡೆ ನಿಲ್ಲಬೇಕೆಂದು ತೋಚಲಿಲ್ಲ.
ಕಂಡಕ್ಟರ್ ಹುಡುಗಿ, ದಾಕ್ಷಿಯ ವಯಸ್ಸಿನವಳು,
ನನ್ನ ಗುರುತಿಲ್ಲ. 'ಲಗೇಜ್ ಚೀಟಿ ತೋರ್ಸಿ.'
ಜೇಬು ತಡಕಿದೆ. ಸಿಕ್ಕಿದ್ದು ಪಟ್ಟಿ.
ಅದನ್ನೇ ಇಸಿದುಕೊಂಡು ಓದಿದಳು,
ಬಾಗಿಲು, ಹಾರ, ತಟ್ಟೆ,
'ದಾಕ್ಷಿಯ ಜಡೆಗೆ' ಆದ ಮೇಲೆ ಖಾಲಿ,
ಕೆಳಗೆ ತುದಿಯಲ್ಲಿ, ಸಣ್ಣಕ್ಷರದಲ್ಲಿ,
ಸಾವಂತ್ರಿಗೆ: ಒಳಗಿನದು.

'ಒಳಗಿನದು ಅಂದ್ರೆ ಯಾವ ಹೂವು ಸಾರ್?'

ಗೋಣಿಯ ನೀರು ಅಂಗಿಯೊಳಗೆ ಇಳಿಯುತ್ತಿತ್ತು.
ಡ್ರೈವರು ಹಾರನ್ ಹೊಡೆದ.
ರೈಟ್, ಅಂದುಬಿಟ್ಟೆ,
ಅವಳಿಗಿಂತ ಮೊದಲು.